ಕೇಳುವ ಮುನ್ನ ಮೂಲವನ್ನು ಆರಿಸಿ



ಬಿತ್ತನೆ ಬೀಜ ಕೊಳ್ಳುವಾಗ ನೀವು ಚೀಲಕ್ಕೆ ಕಟ್ಟಿರುವ ಚೀಟಿಯನ್ನು ತಿರುಗಿಸಿ ನೋಡುತ್ತೀರಿ. ಯಾವ ತಳಿ, ಯಾರು ಬೆಳೆದದ್ದು, ಮೊಳಕೆಯ ಪ್ರಮಾಣ ಎಷ್ಟು, ಅವಧಿ ಎಂದಿಗೆ ಮುಗಿಯುತ್ತದೆ ಎಂಬುದನ್ನು ತಿಳಿದ ಮೇಲೆಯೇ ದುಡ್ಡು ಕೊಡುತ್ತೀರಿ. ಮಾಹಿತಿಯನ್ನು ಪಡೆಯುವಾಗಲೂ ನಾವು ಇಷ್ಟೇ ಎಚ್ಚರ ವಹಿಸುತ್ತೇವೆಯೇ? ಈಗಂತೂ ಜೇಬಿನಲ್ಲಿರುವ ಫೋನನ್ನು ಕೇಳಿದರೆ ಸಾಕು, ಕೃತಕ ಬುದ್ಧಿಯ ಹುಡುಕು ಸಾಧನಗಳು ಕ್ಷಣಮಾತ್ರದಲ್ಲಿ ಕನ್ನಡದಲ್ಲಿಯೇ ಉತ್ತರ ಕೊಡುತ್ತವೆ. ೨೦೨೫ರ ಜುಲೈ ತಿಂಗಳಲ್ಲಿ ಏರ್‌ಟೆಲ್ ಕಂಪನಿಯು ಇಂಥ ಒಂದು ಸಾಧನವಾದ ಪರ್‌ಪ್ಲೆಕ್ಸಿಟಿಯನ್ನು ತನ್ನ ಗ್ರಾಹಕರಿಗೆ ಒಂದು ವರ್ಷದ ಮಟ್ಟಿಗೆ ಉಚಿತವಾಗಿ ಕೊಡುವುದಾಗಿ ಪ್ರಕಟಿಸಿತು. ಚಾಟ್‌ಜಿಪಿಟಿ, ಗೂಗಲ್ ಮುಂತಾದವುಗಳಲ್ಲಿಯೂ ಈ ಸೌಲಭ್ಯವಿದೆ. ಹೀಗೆ ಬರುವ ಉತ್ತರಕ್ಕೂ ಬೀಜದ ಚೀಲದಂತೆ ಒಂದು ಚೀಟಿ ಇರುತ್ತದೆ. ಅದನ್ನು ನೋಡುವುದು ಹೇಗೆ, ಒಳ್ಳೆಯ ಮೂಲಗಳಿಂದ ಮಾತ್ರ ಉತ್ತರ ಬರುವಂತೆ ಕೇಳುವುದು ಹೇಗೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಬದನೆ ತಾಕಿನಲ್ಲಿ ನಡೆದ ಸಂಗತಿ

ಮೊದಲಿಗೆ ನನ್ನ ಅನುಭವವನ್ನೇ ಹೇಳಿಬಿಡುತ್ತೇನೆ. ಕಳೆದ ಮುಂಗಾರಿನಲ್ಲಿ ಒಂದು ಭಾನುವಾರ ಕೆಂಗೇರಿಯ ಆಚೆ ಇರುವ ನನ್ನ ಸೋದರಮಾವನವರ ಜಮೀನಿಗೆ ಹೋಗಿದ್ದೆ. ನಾನು ವಾಸವಾಗಿರುವುದು ವಿಜಯನಗರದಲ್ಲಿ. ೨೦೨೧ರಲ್ಲಿ ಮೆಟ್ರೋ ರೈಲು ಕೆಂಗೇರಿಯವರೆಗೆ ಬಂದ ಮೇಲೆ ಈ ಪ್ರಯಾಣ ಸುಲಭವಾಗಿದೆ. ಮಾವನವರಿಗೆ ಇರುವುದು ಎರಡು ಎಕರೆ. ಅರ್ಧಕ್ಕೆ ರಾಗಿ, ಉಳಿದರ್ಧಕ್ಕೆ ಬದನೆ, ದಂಟು, ಕೊತ್ತಂಬರಿ. ಆ ದಿನ ಬದನೆ ಗಿಡಗಳ ಎಲೆಯಂಚು ಹಳದಿಯಾಗಿ ಮೇಲಕ್ಕೆ ಮುದುಡಿತ್ತು. ಎಲೆಯನ್ನು ತಿರುಗಿಸಿದರೆ ಅಡಿಯಲ್ಲಿ ಜಿಗಿಹುಳುಗಳು.

"ನೋಡಪ್ಪಾ, ನೀನು ಬರೋದು ಯಾವತ್ತೋ ಏನೋ ಅಂತ ಫೋನನ್ನೇ ಕೇಳಿಬಿಟ್ಟೆ. ಬುಡಕ್ಕೆ ಫೋರೇಟ್ ಹರಳು ಹಾಕು ಅಂತು. ಕೊಟ್ಟಿಗೆ ಅಟ್ಟದ ಮೇಲೆ ಹಳೇದು ಒಂದು ಪೊಟ್ಟಣ ಇತ್ತು, ಇಳಿಸಿ ಇಟ್ಟಿದ್ದೀನಿ. ನಾಳೆ ಬೆಳಿಗ್ಗೆ ಹಾಕಿಬಿಡ್ತೀನಿ" ಎಂದರು ಮಾವ.

ಹಳಬರು ತಿಮೆಟ್ ಎಂದು ಕರೆಯುತ್ತಿದ್ದ ಈ ಫೋರೇಟ್, ಪೊಟ್ಟಣದ ಮೇಲೆ ಕೆಂಪು ತ್ರಿಕೋನವಿರುವ ಅತಿ ವಿಷದ ಕೀಟನಾಶಕ. ಬೇರಿನ ಮೂಲಕ ಗಿಡದ ಒಳಗೆ ಸೇರಿ ಎಲ್ಲ ಭಾಗಗಳಿಗೂ ಹರಡುವ ಗುಣ ಇದಕ್ಕಿದೆ. ಕೇಂದ್ರ ಸರ್ಕಾರ ೨೦೧೮ರ ಆಗಸ್ಟ್ ತಿಂಗಳಲ್ಲಿ ಹೊರಡಿಸಿದ ಆದೇಶದಂತೆ ೨೦೨೦ರ ಡಿಸೆಂಬರ್ ೩೧ರಿಂದ ಇದರ ತಯಾರಿಕೆ, ಮಾರಾಟ, ಬಳಕೆ ಎಲ್ಲವೂ ನಿಷಿದ್ಧ. ಬದನೆಯನ್ನು ಕೆಲವು ದಿನಗಳಿಗೊಮ್ಮೆ ಕೊಯ್ದು ಮಾರುತ್ತಲೇ ಇರುತ್ತೇವೆ. ಮಾವನವರ ಕಾಯಿ ಹೋಗುವುದು ಕೆಂಗೇರಿ, ವಿಜಯನಗರದ ಅಂಗಡಿಗಳಿಗೆ. ಅದರಲ್ಲಿ ಒಂದು ಪಾಲು ನನ್ನ ಮನೆಯ ಅಡುಗೆಗೂ ಬರುತ್ತದೆ.

ಫೋನನ್ನು ಕೈಗೆ ತೆಗೆದುಕೊಂಡು ಉತ್ತರವನ್ನು ಓದಿದೆ. ಭಾಷೆ ಶುದ್ಧವಾಗಿತ್ತು, ಪ್ರಮಾಣ, ಹಾಕುವ ವಿಧಾನ ಎಲ್ಲವೂ ಅಚ್ಚುಕಟ್ಟಾಗಿದ್ದವು. ಕೊನೆಯಲ್ಲಿ ಮೂಲವನ್ನು ಸೂಚಿಸುವ ಸಣ್ಣ ಅಂಕಿಯೊಂದಿತ್ತು. ಅದನ್ನು ಒತ್ತಿದಾಗ ಒಂದು ಇಂಗ್ಲಿಷ್ ಕರಪತ್ರ ತೆರೆದುಕೊಂಡಿತು. ಬದನೆ ಬೇಸಾಯದ ಆ ಕರಪತ್ರವನ್ನು ಸಂಗ್ರಹಿಸಿದವರ ಹೆಸರು ಕೆಳಗಿತ್ತು. ಅದು ನನ್ನದೇ ಹೆಸರು! ಕೆಲಸಕ್ಕೆ ಸೇರಿದ ಹೊಸತರಲ್ಲಿ, ಫೋರೇಟ್ ಶಿಫಾರಸಿನಲ್ಲಿದ್ದ ಕಾಲದಲ್ಲಿ, ನಾನು ಬರೆದುಕೊಟ್ಟಿದ್ದ ಕರಪತ್ರವದು. ಬರೆದ ದಿನ ಅದರಲ್ಲಿ ತಪ್ಪಿರಲಿಲ್ಲ. ತಿದ್ದಿದ ಕನ್ನಡ ಆವೃತ್ತಿಯನ್ನು ನಾವು ಮುಂದೆ ಹೊರಡಿಸಿದೆವು. ಆದರೆ ಹಳೆಯದನ್ನು ತೆಗೆದುಹಾಕುವ ಗೋಜಿಗೆ ಯಾರೂ ಹೋಗಿರಲಿಲ್ಲ, ನಾನೂ ಹೋಗಿರಲಿಲ್ಲ. ಯಂತ್ರ ಸುಳ್ಳನ್ನು ಕಲ್ಪಿಸಿ ಹೇಳಿರಲಿಲ್ಲ. ನಾನು ಬರೆದದ್ದನ್ನೇ, ಕಾಲ ಮೀರಿದ ಮೇಲೆ, ನನ್ನ ಮಾವನಿಗೆ ಓದಿ ಹೇಳಿತ್ತು.

ಯಂತ್ರ ಉತ್ತರಿಸುವ ಬಗೆ

ಈ ಸಾಧನಗಳು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ತಿಳಿದುಕೊಂಡರೆ ಎಚ್ಚರಿಕೆ ಎಲ್ಲಿ ಬೇಕೆಂಬುದು ಸ್ಪಷ್ಟವಾಗುತ್ತದೆ. ನೀವು ಪ್ರಶ್ನೆ ಕೇಳಿದೊಡನೆ ಯಂತ್ರವು ಅದರಲ್ಲಿನ ಮುಖ್ಯ ಪದಗಳನ್ನು ಹಿಡಿದು ಅಂತರಜಾಲದಲ್ಲಿ ಹುಡುಕುತ್ತದೆ. ಸಿಕ್ಕಿದ ನೂರಾರು ಪುಟಗಳಲ್ಲಿ ಕೆಲವನ್ನು ಆರಿಸಿ, ಅವುಗಳ ತುಣುಕುಗಳನ್ನು ಓದಿ, ಎಲ್ಲವನ್ನೂ ಸೇರಿಸಿ ಒಂದು ಉತ್ತರವನ್ನು ಹೊಸೆಯುತ್ತದೆ. ಯಾವ ಮಾತು ಯಾವ ಪುಟದ್ದೆಂದು ತಿಳಿಸಲು ಅಲ್ಲಲ್ಲಿ ಅಂಕಿಗಳನ್ನು ಹಾಕುತ್ತದೆ. ಹುಡುಕದೆಯೇ ಉತ್ತರಿಸಿದರೆ ಹಿಂದೆ ಓದಿದ್ದರ ನೆನಪಿನಿಂದ ಹೇಳುತ್ತದೆ. ಆಗ ಅಂಕಿಯೂ ಇರುವುದಿಲ್ಲ, ತಪ್ಪುವ ಸಂಭವವೂ ಹೆಚ್ಚು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಪುಟಗಳನ್ನು ಆರಿಸುವಾಗ ಯಂತ್ರಕ್ಕೆ ನಿಮ್ಮ ಹೊಲದ ಪರಿಚಯವಿಲ್ಲ. ಸಂಶೋಧನಾ ಕೇಂದ್ರದ ವರದಿ, ಔಷಧ ಮಾರುವವರ ಜಾಹೀರಾತು, ಹಾಸ್ಯಕ್ಕೆ ಬರೆದ ಮಾತು ಇವುಗಳ ನಡುವಿನ ವ್ಯತ್ಯಾಸ ಅದಕ್ಕೆ ಯಾವಾಗಲೂ ತಿಳಿಯುವುದಿಲ್ಲ. ೨೦೨೪ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಗೂಗಲ್‌ನ ಇಂಥ ಸಾಧನವೊಂದು, ಪಿಜ್ಜಾದ ಮೇಲಿನ ಚೀಸ್ ಜಾರದಿರಲು ಅಂಟು ಸೇರಿಸಿ ಎಂದು ಸಲಹೆ ಕೊಟ್ಟು ನಗೆಪಾಟಲಾಯಿತು. ಯಾರೋ ಹತ್ತು ಹನ್ನೊಂದು ವರ್ಷಗಳ ಹಿಂದೆ ತಮಾಷೆಗೆ ಬರೆದಿದ್ದ ಮಾತು ಅದರ ಮೂಲವಾಗಿತ್ತು. ಅಡುಗೆಯಲ್ಲಾದರೆ ನಕ್ಕು ಬಿಡಬಹುದು. ಬೆಳೆಗೆ ಹಾಕುವ ವಿಷದಲ್ಲಿ ಹಾಗೆ ಬಿಡಲಾಗದು.

ಹೆಚ್ಚು ಪುಟ ಓದಿದರೆ ಹೆಚ್ಚು ಒಳ್ಳೆಯ ಉತ್ತರ ಬರುತ್ತದೆ ಎಂಬ ಭಾವನೆಯೂ ಸರಿಯಲ್ಲ. ಹಳೆಯ ಶಿಫಾರಸೊಂದನ್ನು ಇಪ್ಪತ್ತು ಕಡೆ ನಕಲು ಮಾಡಿದ್ದರೆ, ತಿದ್ದಿದ ಹೊಸ ಶಿಫಾರಸು ಒಂದೇ ಕಡೆ ಇದ್ದರೆ, ಇಪ್ಪತ್ತರ ಬಲವೇ ಗೆಲ್ಲಬಹುದು. ಕಣದಲ್ಲಿ ರಾಶಿ ದೊಡ್ಡದಿದ್ದ ಮಾತ್ರಕ್ಕೆ ಕಾಳು ಹೆಚ್ಚೆಂದು ಹೇಳಲಾಗದು. ತೂರಿದ ಮೇಲೆಯೇ ತಿಳಿಯುವುದು. ಆ ತೂರುವ ಕೆಲಸವನ್ನು ಪ್ರಶ್ನೆ ಕೇಳುವಾಗಲೇ ಮಾಡಿಬಿಡುವುದು ಉತ್ತಮ.

ಮೈಸೂರು ರಸ್ತೆಯಿಂದ ಒಂದು ಪಾಠ

ಅಪಾರವಾದ ಬರಹದಲ್ಲಿ ತನಗೆ ಬೇಕಾದುದಷ್ಟನ್ನೇ ಓದುಗನಿಗೆ ಮುಟ್ಟಿಸುವುದು ಹೇಗೆ ಎಂಬ ಪ್ರಶ್ನೆ ಹೊಸತಲ್ಲ. ಇದಕ್ಕೆ ಉತ್ತರ ಹುಡುಕಿದ ಮಹನೀಯರೊಬ್ಬರು ನಮ್ಮ ಬೆಂಗಳೂರಿನಲ್ಲಿಯೇ ಬಾಳಿದವರು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಡಾ. ಎಸ್. ಆರ್. ರಂಗನಾಥನ್ ಅವರು ೧೯೬೨ರಲ್ಲಿ ಇಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ಅದು ಈಗ ಕೆಂಗೇರಿಗೆ ಹೋಗುವ ಮೈಸೂರು ರಸ್ತೆಯ ಪಕ್ಕ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆವರಣದಲ್ಲಿದೆ. ಗಣಿತದ ಅಧ್ಯಾಪಕರಾಗಿದ್ದ ರಂಗನಾಥನ್ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ, ೧೯೩೩ರಲ್ಲಿ ಕೋಲನ್ ವರ್ಗೀಕರಣ ಎಂಬ ಪದ್ಧತಿಯನ್ನು ಪ್ರಕಟಿಸಿದರು. ೧೯೭೨ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು.

ಯಾವುದೇ ವಿಷಯವನ್ನು ಐದು ಮುಖಗಳಿಂದ ನೋಡಿ ಅದರ ಸ್ಥಾನವನ್ನು ಗೊತ್ತುಮಾಡಬಹುದೆಂಬುದು ಅವರ ಪದ್ಧತಿಯ ತಿರುಳು. ವಿಷಯದ ಮುಖ್ಯ ವ್ಯಕ್ತಿತ್ವ, ದ್ರವ್ಯ, ಕ್ರಿಯೆ, ದೇಶ ಮತ್ತು ಕಾಲ ಇವೇ ಆ ಐದು. ಇವನ್ನು ಬೇಸಾಯಗಾರರ ಮಾತಿಗೆ ಸ್ವಲ್ಪ ಸಡಿಲವಾಗಿ ತಿರುಗಿಸಿಕೊಂಡರೆ ಹೀಗಾಗುತ್ತದೆ:

೧. ಯಾವ ಬೆಳೆ? ತಳಿ ಯಾವುದು?
೨. ಬೆಳೆಯ ಯಾವ ಭಾಗ, ಯಾವ ಹಂತ?
೩. ತೊಂದರೆ ಏನು? ಮಾಡಬೇಕಾದ ಕೆಲಸ ಏನು?
೪. ಯಾವ ಪ್ರದೇಶ? ಮಳೆಯಾಶ್ರಯವೋ, ನೀರಾವರಿಯೋ?
೫. ಯಾವ ವರ್ಷದ ಶಿಫಾರಸು?

ಒಂದು ಉದಾಹರಣೆಯನ್ನು ನೋಡೋಣ. "ಬೆಂಕಿ ರೋಗಕ್ಕೆ ಏನು ಮಾಡಬೇಕು?" ಎಂದಷ್ಟೇ ಕೇಳಿದಿರಿ ಎನ್ನಿ. ಬೆಂಕಿ ರೋಗ ಎಂಬ ಹೆಸರು ಭತ್ತದಲ್ಲಿಯೂ ಇದೆ, ರಾಗಿಯಲ್ಲಿಯೂ ಇದೆ. ಭತ್ತದ ಬಗ್ಗೆ ಪ್ರಪಂಚದಲ್ಲಿ ಬರೆದಿರುವುದು ಬಹಳ, ರಾಗಿಯ ಬಗ್ಗೆ ಕಡಿಮೆ. ಹಾಗಾಗಿ ಗದ್ದೆಯ ಭತ್ತಕ್ಕೆ ಹೇಳಿದ ಕ್ರಮ ನಿಮ್ಮ ಹೊಲದ ರಾಗಿಗೆ ಬಂದು ಕುಳಿತರೆ ಆಶ್ಚರ್ಯವಿಲ್ಲ. ಅದರ ಬದಲು ಹೀಗೆ ಕೇಳಿ:

"ಬೆಂಗಳೂರು ದಕ್ಷಿಣ ತಾಲ್ಲೂಕು, ಪೂರ್ವ ಒಣ ವಲಯ. ಮಳೆಯಾಶ್ರಿತ ರಾಗಿ, ತೆನೆ ಹೊರಡುವ ಹಂತ. ತೆನೆಯ ಕತ್ತಿನಲ್ಲಿ ಬೆಂಕಿ ರೋಗ ಕಾಣಿಸಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಮತ್ತು ಕರ್ನಾಟಕ ಕೃಷಿ ಇಲಾಖೆಯ ಪುಟಗಳನ್ನು ಮಾತ್ರ ಆಧರಿಸಿ, ೨೦೨೧ರ ನಂತರದ ಶಿಫಾರಸನ್ನು ತಿಳಿಸು. ಪ್ರಮಾಣವನ್ನು ಎಕರೆ ಲೆಕ್ಕದಲ್ಲಿ ಕೊಡು. ಪ್ರತಿ ಮಾತಿಗೂ ಮೂಲ ಮತ್ತು ವರ್ಷ ನಮೂದಿಸು. ಆ ಪುಟಗಳಲ್ಲಿ ಉತ್ತರ ಸಿಗದಿದ್ದರೆ ಸಿಗಲಿಲ್ಲ ಎಂದು ಹೇಳು."

ಪ್ರಶ್ನೆ ಉದ್ದವಾಯಿತೆಂದು ಬೇಸರ ಪಡಬೇಡಿ. ಒಮ್ಮೆ ಬರೆದಿಟ್ಟುಕೊಂಡರೆ ಬೆಳೆ, ಹಂತ, ತೊಂದರೆ ಈ ಮೂರನ್ನು ಬದಲಿಸಿ ಮತ್ತೆ ಮತ್ತೆ ಉಪಯೋಗಿಸಬಹುದು. ಕೊನೆಯ ವಾಕ್ಯವನ್ನು ಮಾತ್ರ ಮರೆಯದಿರಿ. ಉತ್ತರ ಗೊತ್ತಿಲ್ಲವೆಂದು ಹೇಳಲು ಅವಕಾಶ ಕೊಡದಿದ್ದರೆ ಯಂತ್ರ ಏನಾದರೊಂದನ್ನು ತುಂಬಿಸಿಕೊಡುವ ಪ್ರವೃತ್ತಿ ಉಳ್ಳದ್ದು.

ದೇಶದ ಮುಖ ಏಕೆ ಮುಖ್ಯವೆಂಬುದನ್ನು ನಮ್ಮ ರಾಜ್ಯದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಕರ್ನಾಟಕದಲ್ಲಿಯೇ ಹತ್ತು ಕೃಷಿ ಹವಾಮಾನ ವಲಯಗಳಿವೆ. ಬೆಂಗಳೂರಿನ ಸುತ್ತಲಿನದು ಪೂರ್ವ ಒಣ ವಲಯ, ಮಂಡ್ಯ ಮೈಸೂರು ಕಡೆಯದು ದಕ್ಷಿಣ ಒಣ ವಲಯ. ಧಾರವಾಡದ ಕಪ್ಪು ಭೂಮಿಗೆ ಹೇಳಿದ್ದು ಕೆಂಗೇರಿಯ ಕೆಂಪು ಮಣ್ಣಿಗೆ ಹೊಂದಬೇಕೆಂದಿಲ್ಲ. ಯಂತ್ರವಾದರೋ ರಾಜ್ಯದ ಗಡಿಯನ್ನಷ್ಟೇ ಅಲ್ಲ, ಸಮುದ್ರವನ್ನೂ ದಾಟಿ ಉತ್ತರ ತರುತ್ತದೆ.

ಮೂಲದ ಚೀಟಿ

ಪ್ರಮಾಣಿತ ಬೀಜದ ಚೀಟಿ ನೀಲಿ, ಮೂಲಬೀಜದ ಚೀಟಿ ಬಿಳಿ, ತಳಿವರ್ಧಕ ಬೀಜದ ಚೀಟಿ ಹೊಂಬಣ್ಣ ಎಂಬುದು ನಿಮಗೆ ತಿಳಿದಿದೆ. ಮಾಹಿತಿಯ ಮೂಲಗಳನ್ನೂ ಇದೇ ರೀತಿ ವಿಂಗಡಿಸಿಕೊಳ್ಳಬಹುದು.

ಸಂಶೋಧನಾ ಪ್ರಬಂಧಗಳು ತಳಿವರ್ಧಕ ಬೀಜವಿದ್ದಂತೆ. ಅವು ಮೂಲದಲ್ಲಿ ಶುದ್ಧ, ಆದರೆ ನೇರವಾಗಿ ಹೊಲಕ್ಕೆ ಹಾಕಲು ಉದ್ದೇಶಿಸಿದವಲ್ಲ. ಕೆಲವು ಸಾಧನಗಳಲ್ಲಿ 'ವಿದ್ವತ್ ಲೇಖನಗಳು ಮಾತ್ರ' ಎಂದು ಆರಿಸಿಕೊಳ್ಳುವ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಉತ್ತರ ಅತ್ಯುತ್ತಮವಾಗುತ್ತದೆಂದು ವಿದ್ಯಾವಂತ ಯುವಕರು ಭಾವಿಸುವುದುಂಟು. ಒಬ್ಬ ವಿದ್ಯಾರ್ಥಿ ಕುಂಡದಲ್ಲಿ ಒಂದೇ ಹಂಗಾಮಿನಲ್ಲಿ ಮಾಡಿದ ಪ್ರಯೋಗವೂ ವಿದ್ವತ್ ಲೇಖನವೇ. ಅದು ಹಲವು ವರ್ಷ, ಹಲವು ಸ್ಥಳಗಳಲ್ಲಿ ಪರೀಕ್ಷೆಗೊಳಗಾಗಿ, ರೈತರ ಹೊಲದಲ್ಲಿಯೂ ಗೆದ್ದ ಮೇಲೆ ಮಾತ್ರ ಶಿಫಾರಸಾಗುತ್ತದೆ. ಆದುದರಿಂದ ರೈತರಿಗೆ ಬೇಕಾದುದು ಪ್ರಬಂಧಕ್ಕಿಂತ ಹೆಚ್ಚಾಗಿ ಶಿಫಾರಸು.

ವಿಶ್ವವಿದ್ಯಾನಿಲಯಗಳು ಹೊರಡಿಸುವ ಬೇಸಾಯ ಪದ್ಧತಿಗಳ ಕೈಪಿಡಿ, ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳ ಪ್ರಕಟಣೆಗಳು, ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯಂಥ ಕೇಂದ್ರಗಳು ತಮ್ಮ ತಳಿಗಳ ಬಗ್ಗೆ ಕೊಡುವ ವಿವರಗಳು ನೀಲಿ ಚೀಟಿಯ ಪ್ರಮಾಣಿತ ಬೀಜವಿದ್ದಂತೆ. ರೇಷ್ಮೆ ಬೆಳೆಗಾರರು ತಲಘಟ್ಟಪುರದ ರೇಷ್ಮೆ ಸಂಶೋಧನಾ ಸಂಸ್ಥೆಯನ್ನು ಹೆಸರಿಸಿ ಕೇಳಬಹುದು. ಕೀಟನಾಶಕಗಳ ವಿಚಾರದಲ್ಲಿ ಕೇಂದ್ರ ಕೀಟನಾಶಕ ಮಂಡಳಿ ಮತ್ತು ನೋಂದಣಿ ಸಮಿತಿಯ ಪಟ್ಟಿಯೇ ಪ್ರಮಾಣ. ಯಾವ ಔಷಧ ಯಾವ ಬೆಳೆಗೆ, ಯಾವ ಕೀಟಕ್ಕೆ ಒಪ್ಪಿತವಾಗಿದೆ, ಯಾವುದು ನಿಷಿದ್ಧ ಎಂಬುದು ಅದರಲ್ಲಿರುತ್ತದೆ.

ಮಾರಾಟಗಾರರ ಪುಟಗಳು, ಹೆಸರಿಲ್ಲದವರ ಬರಹ, ಕೇಳಿದ್ದನ್ನು ಮರುಹೇಳುವ ವಿಡಿಯೋಗಳು ಚೀಟಿಯಿಲ್ಲದ ಬೀಜ. ಅವೆಲ್ಲ ಕೆಟ್ಟವೆಂದಲ್ಲ. ನೆರೆಯ ರೈತರ ಅನುಭವದ ವಿಡಿಯೋದಲ್ಲಿ ಒಳ್ಳೆಯ ಉಪಾಯಗಳಿರುತ್ತವೆ. ಕಸಿ ಕಟ್ಟುವ ರೀತಿ, ಚಪ್ಪರ ಹಾಕುವ ರೀತಿಯನ್ನು ಅಲ್ಲಿ ನೋಡಿ ಕಲಿಯಬಹುದು. ಔಷಧ ಮತ್ತು ಗೊಬ್ಬರದ ಪ್ರಮಾಣವನ್ನು ಮಾತ್ರ ಅಲ್ಲಿಂದ ತೆಗೆದುಕೊಳ್ಳಬಾರದು.

ಪುಟದ ವಿಳಾಸದ ಕೊನೆಯನ್ನು ನೋಡಿದರೂ ಸ್ವಲ್ಪ ಸುಳಿವು ಸಿಗುತ್ತದೆ. 'ಜಿಒವಿ ಡಾಟ್ ಇನ್' ಎಂದಿದ್ದರೆ ಸರ್ಕಾರದ್ದು. 'ಎಸಿ ಡಾಟ್ ಇನ್' ಅಥವಾ 'ಇಡಿಯು ಡಾಟ್ ಇನ್' ಎಂದಿದ್ದರೆ ಶಿಕ್ಷಣ ಸಂಸ್ಥೆಯದು. 'ಆರ್‌ಇಎಸ್ ಡಾಟ್ ಇನ್' ಎಂದಿದ್ದರೆ ಸಂಶೋಧನಾ ಸಂಸ್ಥೆಯದು. 'ಕಾಮ್' ಎಂಬುದನ್ನು ಯಾರು ಬೇಕಾದರೂ ಪಡೆಯಬಹುದು.

ಅನುಸರಿಸಬೇಕಾದ ಕ್ರಮಗಳು

೧. ಮೂಲವನ್ನು ಹೆಸರಿಸಿ ಕೇಳಿ: ಮೇಲಿನ ಉದಾಹರಣೆಯಂತೆ ಸಂಸ್ಥೆಗಳ ಹೆಸರನ್ನು ಪ್ರಶ್ನೆಯಲ್ಲಿಯೇ ಸೇರಿಸಬೇಕು. ಎರಡು ಅಥವಾ ಮೂರು ಮೂಲ ಸಾಕು. ಗೂಗಲ್ ಹುಡುಕಾಟದಲ್ಲಾದರೆ ಇಂಗ್ಲಿಷಿನಲ್ಲಿ 'ಸೈಟ್' ಎಂದು ಬರೆದು, ಎರಡು ಚುಕ್ಕಿ ಇಟ್ಟು, ಜಾಗ ಬಿಡದೆ ಸಂಸ್ಥೆಯ ವಿಳಾಸವನ್ನು ಬರೆದರೆ ಆ ಸಂಸ್ಥೆಯ ಪುಟಗಳು ಮಾತ್ರ ಬರುತ್ತವೆ.

೨. ಕಾಲದ ಮಿತಿ ಹಾಕಿ: ಕೀಟನಾಶಕ, ಕಳೆನಾಶಕಗಳ ವಿಚಾರದಲ್ಲಿ ಇದು ಅತ್ಯಗತ್ಯ. ಫೋರೇಟ್ ಒಂದೇ ಅಲ್ಲ. ಮಾನೊಕ್ರೊಟೊಫಾಸ್ ಅನ್ನು ತರಕಾರಿಗಳ ಮೇಲೆ ಬಳಸುವುದನ್ನು ೨೦೦೫ರಲ್ಲಿಯೇ ನಿಷೇಧಿಸಲಾಗಿದೆ. ಎಂಡೋಸಲ್ಫಾನ್ ಮೇಲೆ ಸುಪ್ರೀಂ ಕೋರ್ಟ್ ೨೦೧೧ರ ಮೇ ತಿಂಗಳಲ್ಲಿ ತಡೆ ಹಾಕಿತು. ಇವೆಲ್ಲವೂ ಹಳೆಯ ಪುಟಗಳಲ್ಲಿ ಇಂದಿಗೂ ಶಿಫಾರಸಾಗಿಯೇ ಕುಳಿತಿವೆ. ನೇಗಿಲಿನ ಸಾಲಿನ ಅಂತರ, ಗೊಬ್ಬರದ ಗುಂಡಿಯ ಅಳತೆ ಇಂಥವುಗಳಿಗೆ ಹಳೆಯ ಪುಸ್ತಕವಾದರೂ ಅಡ್ಡಿಯಿಲ್ಲ.

೩. ಅಳತೆಯನ್ನು ಸ್ಪಷ್ಟಪಡಿಸಿ: ನಾವು ಎಕರೆ, ಗುಂಟೆಯಲ್ಲಿ ಲೆಕ್ಕ ಹಾಕುವವರು, ನಲವತ್ತು ಗುಂಟೆಗೆ ಒಂದು ಎಕರೆ. ಸಂಶೋಧನೆಯ ಬರಹಗಳಲ್ಲಿ ಹೆಕ್ಟೇರ್ ಲೆಕ್ಕವಿರುತ್ತದೆ. ಒಂದು ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ. ಆಂಧ್ರ, ತಮಿಳುನಾಡಿನ ಬರಹದಲ್ಲಿ ಸೆಂಟು, ಅಮೆರಿಕದ ಬರಹದಲ್ಲಿ ಪೌಂಡು, ಗ್ಯಾಲನ್ ಇರುತ್ತವೆ. ಹಲವು ಮೂಲಗಳು ಬೆರೆತಾಗ ಅಳತೆಗಳೂ ಬೆರೆಯುತ್ತವೆ. ಹೆಕ್ಟೇರಿನ ಪ್ರಮಾಣವನ್ನು ಒಂದು ಎಕರೆಗೆ ಹಾಕಿದರೆ ಎರಡೂವರೆ ಪಟ್ಟು ಹಾಕಿದಂತಾಯಿತು. ಎಕರೆ ಲೆಕ್ಕದ ಜೊತೆಗೆ ಮೂಲದಲ್ಲಿರುವ ಅಂಕಿಯನ್ನೂ ಕೇಳಿ, ಭಾಗಾಕಾರವನ್ನು ನೀವೇ ಮಾಡಿ ತಾಳೆ ನೋಡಿ.

೪. ಪುಸ್ತಕವನ್ನೇ ಯಂತ್ರದ ಕೈಗೆ ಕೊಡಿ: ಸಂಸ್ಥೆಯ ಹೆಸರನ್ನು ಹೇಳಿ ಕೇಳಿದರೂ ಯಂತ್ರ ಕೆಲವೊಮ್ಮೆ ಬೇಲಿ ಹಾರುತ್ತದೆ. ಇದಕ್ಕಿಂತ ಗಟ್ಟಿಯಾದ ವಿಧಾನವೂ ಒಂದಿದೆ. ಗೂಗಲ್ ಕಂಪನಿ ೨೦೨೩ರಲ್ಲಿ ಹೊರತಂದ ನೋಟ್‌ಬುಕ್‌ಎಲ್‌ಎಂ ಎಂಬ ಸಾಧನದಲ್ಲಿ ನೀವು ಕೊಟ್ಟ ಪುಸ್ತಕ, ಕರಪತ್ರಗಳನ್ನಷ್ಟೇ ಓದಿ ಉತ್ತರಿಸುವ ಏರ್ಪಾಡಿದೆ. ಬೇಸಾಯ ಪದ್ಧತಿಗಳ ಕೈಪಿಡಿಯ ಪ್ರತಿ ಸಿಕ್ಕಿದರೆ ಅದರಲ್ಲಿ ಹಾಕಿಟ್ಟುಕೊಳ್ಳಬಹುದು. ಕಾಲೇಜಿಗೆ ಹೋಗುವ ಮಗಳೋ ಮಗನೋ ಒಮ್ಮೆ ಮಾಡಿಕೊಟ್ಟರೆ ವರ್ಷವಿಡೀ ಉಪಯೋಗಕ್ಕೆ ಬರುತ್ತದೆ.

೫. ಅಂಕಿಯನ್ನು ಒತ್ತಿ ನೋಡಿ: ಉತ್ತರ ಬಂದ ಮೇಲೆ ಮೂಲದ ಪುಟವನ್ನು ತೆರೆದು ಬರೆದವರು ಯಾರು, ಯಾವ ವರ್ಷ, ಯಾವ ಪ್ರದೇಶ, ಯಾವ ಅಳತೆ ಎಂಬ ನಾಲ್ಕನ್ನು ನೋಡಬೇಕು. ಪುಟದಲ್ಲಿ ಇಲ್ಲದ ಮಾತನ್ನು ಯಂತ್ರ ಪುಟದ ತಲೆಗೆ ಕಟ್ಟಿರುವುದೂ ಉಂಟು. ಪುಟದಲ್ಲಿ ವರ್ಷವೇ ಇಲ್ಲದಿದ್ದರೆ ಔಷಧದ ವಿಚಾರದಲ್ಲಿ ಅದನ್ನು ಬಿಟ್ಟುಬಿಡಿ.

ಕನ್ನಡದ ಒಂದು ತೊಡಕು

ನಮ್ಮ ತಿದ್ದಿದ ಕನ್ನಡ ಕರಪತ್ರ ಯಂತ್ರಕ್ಕೆ ಏಕೆ ಕಾಣಲಿಲ್ಲ ಎಂದು ನೀವು ಕೇಳಬಹುದು. ಇದಕ್ಕೆ ಕಾರಣವಿದೆ. ಕನ್ನಡದಲ್ಲಿ ಅನೇಕ ಪ್ರಕಟಣೆಗಳು ನುಡಿ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಸಿದ್ಧವಾದವು. ಅವು ಕಣ್ಣಿಗೆ ಸೊಗಸಾದ ಕನ್ನಡ. ಆದರೆ ಒಳಗೆ ದಾಖಲಾಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು. ಯೂನಿಕೋಡ್ ಎಂಬ ಸರ್ವಸಮ್ಮತ ಸಂಕೇತದಲ್ಲಿ ಇಲ್ಲದ ಬರಹ ಹುಡುಕಾಟದ ಯಂತ್ರಕ್ಕೆ ಓದಲಾರದ ಬರಹ. ಇನ್ನು ಕೆಲವು ಪುಸ್ತಕಗಳನ್ನು ಬರಿಯ ಚಿತ್ರವಾಗಿ ತೆಗೆದು ಹಾಕಿರುತ್ತಾರೆ. ಹೀಗಾಗಿ ಕನ್ನಡದಲ್ಲಿರುವ ಒಳ್ಳೆಯ ಮಾಹಿತಿ ಬೆಳಕಿಗೆ ಬರದೆ, ಇಂಗ್ಲಿಷಿನಲ್ಲಿರುವ ಹಳೆಯದು ಕನ್ನಡದ ಉಡುಪು ತೊಟ್ಟು ಬರುತ್ತದೆ. ಇದನ್ನು ಸರಿಪಡಿಸುವ ಹೊಣೆ ನಮ್ಮಂಥ ಬರೆಯುವವರ ಮೇಲಿದೆ.

ಅಲ್ಲಿಯವರೆಗೆ ನೀವು ಮಾಡಬಹುದಾದ ಉಪಾಯ ಸುಲಭ. ನಿಮ್ಮಲ್ಲಿರುವ ಅಚ್ಚಾದ ಹೊಸ ಕರಪತ್ರದ ಪುಟವನ್ನು ಬೆಳಕಿನಲ್ಲಿ ಸ್ಪಷ್ಟವಾಗಿ ಫೋಟೋ ತೆಗೆದು ಸಾಧನಕ್ಕೆ ಕೊಟ್ಟು, "ಈ ಪುಟದಲ್ಲಿರುವುದನ್ನು ಮಾತ್ರ ಆಧರಿಸಿ ಉತ್ತರಿಸು" ಎಂದು ಕೇಳಿ. ಅಂಕಿಗಳನ್ನು ಮಾತ್ರ ಪುಟದೊಡನೆ ಒಮ್ಮೆ ಹೋಲಿಸಿ ನೋಡಿ. ಚಿತ್ರದಿಂದ ಓದುವಾಗ ಅಂಕಿ ತಪ್ಪುವುದುಂಟು.

ಬೇಲಿಯನ್ನು ಸಡಿಲಿಸಬೇಕಾದ ಸಂದರ್ಭ

ಮೂಲಗಳನ್ನು ಕಿರಿದುಗೊಳಿಸುವುದು ಒಳ್ಳೆಯದಾದರೂ ಅದಕ್ಕೂ ಒಂದು ಮಿತಿ ಇದೆ. ೨೦೧೮ರ ಮೇ ತಿಂಗಳಲ್ಲಿ ಶಿವಮೊಗ್ಗದ ಮುಸುಕಿನ ಜೋಳದ ಹೊಲಗಳಲ್ಲಿ ಸೈನಿಕ ಹುಳುವಿನ ಒಂದು ಹೊಸ ಜಾತಿ ಕಾಣಿಸಿಕೊಂಡಿತು. ಭಾರತದಲ್ಲಿ ಇದು ಮೊದಲು ವರದಿಯಾದದ್ದು ಅಲ್ಲಿಯೇ. ಅಮೆರಿಕ ಖಂಡದ ಈ ಕೀಟ ೨೦೧೬ರಲ್ಲಿ ಆಫ್ರಿಕವನ್ನು ತಲಪಿ, ಎರಡು ವರ್ಷದಲ್ಲಿ ನಮ್ಮಲ್ಲಿಗೆ ಬಂದಿತ್ತು. ಆ ವೇಳೆಯಲ್ಲಿ ನಮ್ಮ ಕೈಪಿಡಿಗಳನ್ನು ಮಾತ್ರ ಹುಡುಕಿದ್ದರೆ ಅದರ ಹೆಸರೇ ಸಿಗುತ್ತಿರಲಿಲ್ಲ. ಆಫ್ರಿಕದ ಅನುಭವ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಬರಹಗಳೇ ಆಗ ದಾರಿ ತೋರಿಸಿದವು.

ಆದುದರಿಂದ ಮೊದಲು ಹತ್ತಿರದ ಮೂಲವನ್ನು ಕೇಳಿ. ಅಲ್ಲಿ ಸಿಗದಿದ್ದರೆ ಪಕ್ಕದ ರಾಜ್ಯದ ಕೃಷಿ ವಿಶ್ವವಿದ್ಯಾನಿಲಯಗಳಿಗೆ, ಆಮೇಲೆ ದೇಶದ ಸಂಸ್ಥೆಗಳಿಗೆ, ಕೊನೆಯ ಹಂತದಲ್ಲಿ ಹೊರದೇಶಕ್ಕೆ ಹೀಗೆ ಬೇಲಿಯನ್ನು ಒಂದೊಂದು ಸಾಲಾಗಿ ಹಿಂದಕ್ಕೆ ಸರಿಸಬೇಕು. ಎಷ್ಟು ದೂರದಿಂದ ಉತ್ತರ ಬಂತೆಂಬುದು ಆಗ ನಿಮಗೆ ಗೊತ್ತಿರುತ್ತದೆ. ದೂರದಿಂದ ಬಂದ ಮಾತನ್ನು ಇಡೀ ಹೊಲಕ್ಕೆ ಅನ್ವಯಿಸದೆ, ವಿಜ್ಞಾನಿಗಳನ್ನು ಕೇಳಿಯೋ ಎರಡು ಸಾಲಿನಲ್ಲಿ ಪರೀಕ್ಷಿಸಿಯೋ ಮುಂದುವರಿಯುವುದು ಕ್ಷೇಮ. ಗಿಡದ ಹೊಸ ರೋಗವನ್ನು ಗುರುತಿಸುವಾಗ ವಿಶಾಲವಾಗಿ ಹುಡುಕಿ. ಔಷಧ ಹಾಕುವಾಗ ಕಿರಿದಾಗಿ ಹುಡುಕಿ.

ಎಲ್ಲಕ್ಕಿಂತ ಹತ್ತಿರದ ಮೂಲ

ನಿಮಗೆ ಎಲ್ಲಕ್ಕಿಂತ ಹತ್ತಿರದ ಮೂಲ ನಿಮ್ಮ ಹೊಲವೇ. ೨೦೧೫ರಲ್ಲಿ ಪ್ರಾರಂಭವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆಯಲ್ಲಿ ರಸಸಾರ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್ ಸೇರಿ ಹನ್ನೆರಡು ಅಂಶಗಳ ವಿವರ ಕೊಡಲಾಗುತ್ತದೆ. ಅನೇಕರ ಮನೆಯಲ್ಲಿ ಅದು ಪಹಣಿಯ ಜೊತೆ ಪೆಟ್ಟಿಗೆ ಸೇರಿದೆ. ಗೊಬ್ಬರದ ಪ್ರಶ್ನೆ ಕೇಳುವಾಗ ಆ ಚೀಟಿಯ ಅಂಕಿಗಳನ್ನು ಕೊಟ್ಟು ಕೇಳಿದರೆ ಉತ್ತರ ಊರಿನ ಸರಾಸರಿಗೆ ಬದಲು ನಿಮ್ಮ ಜಮೀನಿಗೆ ಹೊಂದುತ್ತದೆ. ವೃಷಭಾವತಿಯ ಕೆಳದಂಡೆಯಲ್ಲಿ ನಗರದ ಕೊಳಚೆ ಸೇರಿದ ನೀರನ್ನು ಬಳಸುವವರು ನೀರನ್ನೂ ಪರೀಕ್ಷೆ ಮಾಡಿಸಿ, ಅದರ ಫಲಿತಾಂಶವನ್ನು ಜೊತೆಗೆ ಕೊಡಬೇಕು. ನೀರು ಎಂಥದೆಂದು ನೀವು ಹೇಳದಿದ್ದರೆ ಒಳ್ಳೆಯ ನೀರೆಂದೇ ಭಾವಿಸಿ ಯಂತ್ರ ಉತ್ತರಿಸುತ್ತದೆ.

ಔಷಧದ ವಿಚಾರದಲ್ಲಿ ಕೊನೆಯ ಮಾತು ಡಬ್ಬಿಯ ಮೇಲಿನ ಚೀಟಿಯದು. ಅದರಲ್ಲಿ ನಿಮ್ಮ ಬೆಳೆಯ ಹೆಸರಿಲ್ಲದಿದ್ದರೆ ಯಾರು ಹೇಳಿದರೂ ಹಾಕಬಾರದು. ಸಂದೇಹ ಬಂದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಕಿಸಾನ್ ಕರೆ ಕೇಂದ್ರದ ಉಚಿತ ದೂರವಾಣಿ ೧೮೦೦-೧೮೦-೧೫೫೧ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಆ ಭಾನುವಾರ ಮಾವನವರ ಜೊತೆ ಕುಳಿತು ಅದೇ ಪ್ರಶ್ನೆಯನ್ನು ಐದು ಮುಖಗಳಿಂದ, ಎರಡೇ ಮೂಲಗಳ ಹೆಸರು ಹೇಳಿ ಮತ್ತೆ ಕೇಳಿದೆವು. ಈ ಬಾರಿ ಫೋರೇಟಿನ ಸೊಲ್ಲೇ ಬರಲಿಲ್ಲ. ಕೀಟಶಾಸ್ತ್ರ ವಿಭಾಗದ ಸಹೋದ್ಯೋಗಿಯೊಬ್ಬರಿಗೆ ಎಲೆಯ ಫೋಟೋ ಕಳಿಸಿ ಖಚಿತಪಡಿಸಿಕೊಂಡೆವು. ಹುಳು ಇನ್ನೂ ಕಡಿಮೆ ಇದ್ದುದರಿಂದ ಶೇಕಡಾ ೫ರ ಬೇವಿನ ಬೀಜದ ಕಷಾಯ ಸಾಕೆಂದು ಅವರು ಹೇಳಿದರು. ಹಳೆಯ ಪೊಟ್ಟಣವನ್ನು ಮಕ್ಕಳ ಮತ್ತು ದನಗಳ ಕೈಗೆ ಸಿಗದಂತೆ ಬೀಗ ಹಾಕಿ ಇಟ್ಟು, ಅದನ್ನು ವಿಲೇವಾರಿ ಮಾಡುವ ಬಗ್ಗೆ ರೈತ ಸಂಪರ್ಕ ಕೇಂದ್ರದವರನ್ನು ಕೇಳಲು ತೀರ್ಮಾನಿಸಿದೆವು. ನಿಮ್ಮಲ್ಲೂ ಇಂಥದಿದ್ದರೆ ಹಳ್ಳಕ್ಕೆ, ಬಾವಿಗೆ, ಬೆಂಕಿಗೆ ಹಾಕದೆ ಹೀಗೆಯೇ ಮಾಡಿ.

"ಅಲ್ಲಪ್ಪಾ, ಅದು ನೀನೇ ಬರೆದಿದ್ದಲ್ವಾ? ನೀನು ಹೇಳಿದ ಮೇಲೆ ಸರಿ ಅಂತಲೇ ನಾನು ಇಳಿಸಿದ್ದು" ಎಂದರು ಮಾವ. ಅವರು ಮೊದಲೇ ಅಂಕಿಯನ್ನು ಒತ್ತಿ, ನನ್ನ ಹೆಸರನ್ನು ನೋಡಿ, ಅದೇ ಧೈರ್ಯದ ಮೇಲೆ ಪೊಟ್ಟಣ ಇಳಿಸಿದ್ದರು. ಹೆಸರು ನೋಡಿದವರು ವರ್ಷವನ್ನು ನೋಡಿರಲಿಲ್ಲ.

ಮಾರನೆಯ ದಿನವೇ ಆ ಕರಪತ್ರವನ್ನು ತೆಗೆಸಲು ಬರೆದುಕೊಂಡೆ. ನನ್ನ ಉಳಿದ ಹಳೆಯ ಬರಹಗಳನ್ನು ಈಗ ಒಂದೊಂದಾಗಿ ತಿದ್ದುತ್ತಿದ್ದೇನೆ. ಈ ಲೇಖನವನ್ನೂ ಹತ್ತು ವರ್ಷಗಳ ನಂತರ ಯಂತ್ರವೊಂದು ನಿಮ್ಮ ಮಗನಿಗೋ ಮೊಮ್ಮಗಳಿಗೋ ಓದಿ ಹೇಳಬಹುದು. ಆಗ ಅವರು ಸಂಚಿಕೆಯ ವರ್ಷವನ್ನು ನೋಡಿ, ಇದರಲ್ಲಿ ಹೇಳಿರುವ ಔಷಧದ ಮಾತುಗಳನ್ನು ಹೊಸ ಪಟ್ಟಿಯೊಡನೆ ತಾಳೆ ನೋಡಿದ ಮೇಲೆಯೇ ನಂಬಲಿ.